ಬಾಗಿಯ ಮಧ್ಯಾಹ್ನಗಳು

"ಹ್ವಾಯ್ ಕಾಣಿ, ಒಂಚೂರ್ ಥಿನ್ನರ್ ಕೊಡಿ" ಎಂದು ಬಚ್ಚಲ ಕಡೆಯಿಂದ ಬಂದ ವನಜ ಕೈಚಾಚಿದಾಗ, ಹೆಂಡತಿ ಕೇಳಿದ್ದು ಏನೆಂದೇ ಗೋವರ್ಧನನಿಗೆ ಹೊಳೆಯಲಿಲ್ಲ. ಒಳಗೆ ಹೆಂಗಸರು ಅವನ ಅಕ್ಕ ಬಾಗಿಯ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಬಿಸಿನೀರು ಕೇಳುವುದುಂಟು, ಹೊಸಬಟ್ಟೆ ಕೇಳುವುದುಂಟು. ಬಣ್ಣ ಕರಗಿಸುವ ಥಿನ್ನರ್ ಕೇಳಿದ್ದನ್ನು ಯಾರು ಕಂಡಿದ್ದಾರೆ?

"ಎಂತಕೆ?"

"ಅತ್ಗೆ ಉಗ್ರ್ ಸಂದಿಂದ ಪಾಲಿಶ್ ಹೋತಿಲ್ಲೆ. ಸೋಪ್ ಹಾಕಿ ತಿಕ್ಕಿ ಸಾಕಾಯ್ತ್. ಹಾಂಗೇ ಕಳ್ಸುಕೆ ಮನ್ಸ್ ಬತ್ತಿಲ್ಲೆ."

ಶೆಡ್ಡಿನ ಮಾಡಿನಡಿ ಕಂಪ್ರೆಸರಿನ ಬುಡದಲ್ಲಿದ್ದ ಡಬ್ಬವನ್ನು ಅವನು ಎತ್ತಿ ಕೊಟ್ಟ. ಕೊಟ್ಟು ತಿರುಗಿದವನು ಅಲ್ಲೇ ನಿಂತ. ಅಕ್ಕ ಮರಕ್ಕೆ ಪಾಲಿಶ್ ಹಚ್ಚುವ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು.

"ವನಜ, ಪಾಲಿಶ್ ಎಲ್ಲಿಂದ ಬಂತ್?"

ವನಜ ಅವನ ಮುಖ ನೋಡಲಿಲ್ಲ. "ಈಗ ಅದೆಲ್ಲ ಎಂತಕೆ? ಮುಂದಿನ್ ಕೆಲ್ಸ ಆಯ್ಲಿ" ಎಂದು ಹೋಗಿಬಿಟ್ಟಳು.

ಕುಂಭಾಶಿಯ ಹೆದ್ದಾರಿಯಿಂದ ಒಳಗೆ, ಮರಗೆಲಸದ ಶೆಡ್ಡಿಗೆ ಒತ್ತಿಕೊಂಡೇ ಅವರ ಮನೆ. ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಬಾಗಿ ಮೂಲೆ ಹಿಡಿದು ಕೂತವಳಲ್ಲ. ತಂದೆಯಿಂದ ಪಾಲಿಶ್ ಕಲಿತಳು. ತಮ್ಮ ಕೊಯ್ದು, ಕೆತ್ತಿ, ಜೋಡಿಸಿದ್ದಕ್ಕೆ ಇಪ್ಪತ್ತೆರಡು ವರ್ಷ ಹೊಳಪು ಕೊಟ್ಟದ್ದು ಅವಳ ಕೈ. ನಿನ್ನೆ ಮಧ್ಯಾಹ್ನ ಅವನು ಬಾಗಿಲಿನ ಬಿಜಾಗರಿ ತರಲು ಕುಂದಾಪುರಕ್ಕೆ ಹೋದಾಗ, ಎದೆ ಹಿಡಿದುಕೊಂಡು ಬಂದು ಜಗಲಿಯಲ್ಲಿ ಕೂತು ನೀರು ಕೇಳಿದಳಂತೆ. ಆಸ್ಪತ್ರೆಗೆ ಹೊರಟ ಕಾರು ಕೋಟೇಶ್ವರ ದಾಟುವ ಮೊದಲೇ ಮುಗಿದಿತ್ತು.

ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು. ಪಕ್ಕದ ಮನೆಯ ಸುಗುಣ ಸೆರಗಿನಲ್ಲಿ ಮೂಗೊರೆಸಿಕೊಂಡು ಹೇಳಿದಳು: "ಜೀವ ಇಪ್ಪಷ್ಟ್ ದಿನ ದುಡ್ದ್ರ್. ಕಡೀಗೆ ಎರಡ್ ವರ್ಷ ಆದ್ರೂ ಕೂತ್ ಉಂಡ್ರಲೆ. ಅದ್ ನಿಮ್ಮ್ ಪುಣ್ಯ, ಆಚಾರ್ರೆ."

ಗೋವರ್ಧನ ನಿನ್ನೆಯಿಂದ ಆ ಒಂದು ಮಾತನ್ನೇ ಕಚ್ಚಿ ಹಿಡಿದಿದ್ದ. ಅಕ್ಕನಿಗೆ ಬೇರೇನು ಕೊಟ್ಟೆನೋ ಬಿಟ್ಟೆನೋ, ಎರಡು ವರ್ಷದ ವಿಶ್ರಾಂತಿ ಕೊಟ್ಟೆ. ಅದೂ ಇಲ್ಲವೆಂದಾದರೆ ಅವಳ ಮುಂದೆ ಅಳುವ ಮುಖವೂ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು.

*

ಎರಡು ವರ್ಷದ ಹಿಂದೆ ಪಾಲಿಶ್ ಹೊಡೆಯುವ ಸ್ಪ್ರೇ ಗನ್ನು ಕೊಳ್ಳಲು ಇಬ್ಬರೂ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋಗಿದ್ದರು. ಅಂಗಡಿಯವನು ಎರಡು ಬಗೆ ತೋರಿಸಿದ. ಒಂದು, ಆಳೆತ್ತರದ ಕೆಂಪು ಟ್ಯಾಂಕಿನ ಕಂಪ್ರೆಸರ್. ತಲೆಯ ಮೇಲೆ ಬಟ್ಟಲಿರುವ ಗನ್ನು ಅದಕ್ಕೆ. ಇನ್ನೊಂದು, ಬಕೆಟ್ಟಿನಷ್ಟೇ ದೊಡ್ಡ ಪೆಟ್ಟಿಗೆ. ಒಳಗೆ ಫ್ಯಾನು, ಹೊರಗೆ ದಪ್ಪನೆಯ ಪೈಪು.

ಪ್ಲೈವುಡ್ ತುಂಡಿನ ಮೇಲೆ ಎರಡರಿಂದಲೂ ಹೊಡೆಸಿ ನೋಡಿದರು. ಗೋವರ್ಧನನ ಕಣ್ಣಿಗೆ ಎರಡೂ ಒಂದೇ. ಬಾಗಿ ಮಾತ್ರ ಬಣ್ಣದ ಬಟ್ಟಲನ್ನೇ ತೆಗೆಸಿ, ಬರೀ ಗಾಳಿಗೆ ಅಂಗೈ ಒಡ್ಡಿದಳು. ಕಂಪ್ರೆಸರಿನ ಗಾಳಿಗೆ ಒಡ್ಡಿದ ಕೈಯನ್ನು ತಮ್ಮನಿಗೆ ತೋರಿಸಿದಳು. ಸಣ್ಣಗೆ ಒದ್ದೆಯಾಗಿತ್ತು.

"ಕಂಡ್ಯಾ? ಇದ್ ನೀರ್ ಕಾರುತ್ತ್. ನಮ್ದ್ ಕಡ್ಲ್ ಬದಿ ಗಾಳಿ ಮಾರಾಯ, ಇದ್ರೊಳ್ಗ್ ಹೋಯಿ ಅದುಮ್ಕಂಡ್ ನೀರಾತ್ತ್. ನಾಳೆ ಪಾಲಿಶ್ ಮೇಲೆ ಬಿಳಿ ಏಳತ್ತ್. ಆ ಸಣ್ಣದ್ರ್ ಗಾಳಿ ಬೆಚ್ಚಗಿತ್ತ್, ನೀರಿಲ್ಲೆ. ಅದೇ ಸಾಕ್."

ಅಂಗಡಿಯವನು ನಕ್ಕ. "ಅದ್ ಹೆಂಗ್ಸ್ರ್ ಮನೆಲಿ ಬಣ್ಣ ಹೊಡುಕೆ ಅಡ್ಡಿಲ್ಲೆ, ಅಕ್ಕ. ಶೆಡ್ಡಂದ್ರೆ ಟ್ಯಾಂಕಿ ಬೇಕ್."

ಗೋವರ್ಧನನಿಗೆ ಮುಖ ಬಿಸಿಯಾಯಿತು. ಬಸ್ರೂರಿನ ಒಂದು ಶೆಡ್ಡಿನಲ್ಲಿ ಇಂಥದೇ ಕೆಂಪು ಟ್ಯಾಂಕಿ ನೋಡಿ ಬಂದಿದ್ದ. ಗಿರಾಕಿ ಬಂದಾಗ ಎದ್ದು ಕಾಣುವಂಥ ಒಂದು ವಸ್ತು ತನಗೂ ಬೇಕೆಂದು ಒಂದು ವರ್ಷ ಆಸೆಪಟ್ಟಿದ್ದ.

"ನಿನ್ದ್ ಬಟ್ಟಿ ಉಂಡಿ ಅದ್ದಿ ಉಜ್ಜು ಕೆಲ್ಸ. ಮಿಶಿನ್ ಸುದ್ದಿ ನಿಂಗೆಂತ ಗೊತ್ತಿತ್ತ್?" ಎಂದುಬಿಟ್ಟ. ಕೆಂಪು ಟ್ಯಾಂಕಿಗೇ ದುಡ್ಡು ಕಟ್ಟಿದ.

ಬಾಗಿ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಬದಿ ಕೂತು ಮಳೆಗಾಲದ ತರಕಾರಿಯ ಸುದ್ದಿ ಮಾತಾಡಿದಳು, ಗನ್ನಿನ ಮಾತೆತ್ತಲಿಲ್ಲ. ಸಾಸ್ತಾನ ದಾಟುವಾಗ ತಮ್ಮನೇ ಸಮಾಧಾನ ಹೇಳುವವನಂತೆ ಅಂದ: "ಇನ್ನ್ ನಿನ್ ಕೈ ಬ್ಯಾಡ, ಅಕ್ಕ. ಆರಾಮ್ ಕೂತ್ಕೊ."

ಪ್ರೀತಿಯಿಂದಲೇ ಅಂದದ್ದು. ಆದರೆ ಇಪ್ಪತ್ತೆರಡು ವರ್ಷ ದುಡಿದ ಕೈಗೆ 'ಬೇಡ' ಎಂಬ ಮಾತು ಹೇಗೆ ಕೇಳಿಸೀತು ಎಂದು ಆ ಪೆದ್ದನಿಗೆ ತೋಚಲಿಲ್ಲ.

ಮೊದಲ ತಿಂಗಳು ಒಂದು ಮಂಚಕ್ಕೆ ಬಿಳಿ ಎದ್ದು ವಾಪಸು ಬಂತು. ಒಂದು ಕಪಾಟಿನ ಮೈಯೆಲ್ಲ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಯಿತು. ಆಮೇಲೆ ದೂರು ನಿಂತಿತು. ಗೋವರ್ಧನನಿಗೆ ಕೈ ಕುದುರಿತು ಎಂದು ಊರೆಲ್ಲ ಹೇಳಿತು, ಅವನೂ ನಂಬಿದ.

*

ಹೆಣವನ್ನು ಜಗಲಿಗೆ ತಂದು ಬಾಳೆಲೆಯ ಮೇಲೆ ಮಲಗಿಸುವಾಗ ಸಾಲಿಗ್ರಾಮದ ಶಾಮರಾಯರು ಬಂದರು. ದೀಪಾವಳಿ ಕಳೆದ ಮೇಲೆ ಅವರ ಹೊಸ ಮನೆಗೆ ಒಕ್ಕಲು. ಹೆಬ್ಬಾಗಿಲಿನ ಕೆಲಸ ಇವನದೇ. ಕೈಮುಗಿದು, ಗೋವರ್ಧನನ ಪಕ್ಕ ಕೂತರು.

"ಮೊನ್ನೆ ಮಧ್ಯಾಹ್ನ ಬಂದಿದ್ದೆ ಮಾರಾಯ್ರೆ, ನೀವ್ ಊಟ ಮಾಡಿ ಮನ್ಕಂಡಿದ್ರಿ. ನಿಮ್ಮ್ ಅಕ್ಕ ಶೆಡ್ಡಲ್ ಕೂತ್ಕಂಡ್ ನನ್ನ್ ಬಾಗ್ಲನ್ನೇ ಉಜ್ಜ್ತಾ ಇದ್ದಿದ್ರ್. ಬೆವ್ರ್ ಇಳೀತಾ ಇತ್ತ್. ಗನ್ನ್ ಹೊಡ್ದದ್ರ್ ಮೇಲೆ ಕೈ ಕೆಲ್ಸವೂ ಮಾಡ್ಸ್ತ್ರಿ, ಅದ್ಕೇ ನಿಮ್ಮ್ ಪಾಲಿಶಿಗೆ ಆ ಹೊಳ್ಪ್. ಬೇರೆ ಯಾರೂ ಇಷ್ಟ್ ಮಾಡುದಿಲ್ಲೆ."

ಪಾಪ, ಒಳ್ಳೆಯದನ್ನೇ ಹೇಳುತ್ತಿದ್ದೇನೆಂದು ಅವರು ತಿಳಿದಿದ್ದರು. ಗೋವರ್ಧನ ಎದ್ದು ನೇರ ಅಡುಗೆಮನೆಗೆ ಹೋದ. ವನಜ ಹೆಣದ ಬಾಯಿಗೆ ಹಾಕುವ ಅಕ್ಕಿ ತೊಳೆಯುತ್ತಿದ್ದಳು.

"ಎಷ್ಟ್ ದಿನದಿಂದ?"

ವನಜಳ ಕೈ ನಿಂತಿತು. "ಆ ಮಂಚ ವಾಪಸ್ ಬಂದಲ್ಲಿಂದ. ನೀವ್ ಉಂಡ್ ಮನ್ಕಂಡ್ ಕೂಡ್ಲೆ ಹೋತಿದ್ರ್. ಇಲ್ದಿದ್ರೆ ನೀವ್ ಕುಂದಾಪ್ರಕ್ಕೆ ಹೋದಾಗ. ಬಿಳಿ ಎದ್ದಲ್ಲಿ ಉಜ್ಜಿ ತೆಗ್ದ್, ಪುನಾ ಕೈಯಗೆ ಪಾಲಿಶ್ ಎಳೂದ್."

"ಒಂದ್ ಮಾತ್ ನಂಗ್ ಹೇಳುಕಾಗ್ಲಿಲ್ಯಾ ನಿಂಗೆ?"

"ಹೇಳ್ತೆ ಅಂದೆ. ಆಣೆ ಹಾಕ್ಸಿದ್ರ್. 'ಅವ್ನಿಗೀಗ ಒಂದ್ ಹೆಸ್ರ್ ಬಂದಿತ್ತ್, ಹೇಳ್ರೆ ಕುಗ್ಗಿ ಹೋತ. ನಂಗೂ ಸುಮ್ನೆ ಕೂತ್ ಉಂಬುಕಾತಿಲ್ಲೆ' ಅಂದ್ರ್." ವನಜ ಅಕ್ಕಿಯ ನೀರು ಬಸಿದಳು. "ನಿನ್ನೆಯೂ ಅಲ್ಲಿಂದ್ಲೇ ಎದ್ದ್ ಬಂದದ್ದ್."

ಹೊರಗೆ ಯಾರೋ ಹೊತ್ತಾಯಿತೆಂದು ಕರೆದರು. ಗೋವರ್ಧನ ಅಕ್ಕನ ತಲೆಯ ಬಳಿ ಕೂತು ಬಾಯಿಗೆ ಅಕ್ಕಿ ಹಾಕಲು ಕೈ ಎತ್ತಿದ. ಕಾಳೆಲ್ಲ ಬಾಯಿಗೆ ಬೀಳದೆ ಅವಳ ಕೆನ್ನೆಯ ಮೇಲೆ ಚೆಲ್ಲಿದವು. ಎರಡು ವರ್ಷ ಕೂರಿಸಿ ಸಾಕಿದೆ ಎಂದುಕೊಂಡಿದ್ದ. ಸಾಕಿದವಳು ಅವಳು.

"ಅಳ್ಬೇಡಿ ಆಚಾರ್ರೆ, ಪುಣ್ಯವಂತೆ. ಸುಖದಲ್ ಹೋದ್ರ್" ಎಂದಳು ಸುಗುಣ.

ಅವನು ಅಕ್ಕನ ಕೆನ್ನೆಯ ಮೇಲಿನ ಕಾಳು ಹೆಕ್ಕತೊಡಗಿದ. ಎಂಥ ಸುಖವೆಂದು ಅಷ್ಟು ಜನರ ಮುಂದೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಅದಕ್ಕಾಗಿಯೂ ತನ್ನ ಮೇಲೆ ಹೇಸಿಗೆಯಾಯಿತು.

ತೋಟದ ಮೂಲೆಯಲ್ಲಿ ಮಾವಿನ ಸೌದೆ ಒಟ್ಟಿದ್ದರು. ಮಕ್ಕಳಿಲ್ಲದ ಅಕ್ಕನಿಗೆ ತಮ್ಮನೇ ಬೆಂಕಿ ಇಟ್ಟ. ಹಸಿ ಸೌದೆ ಹಿಡಿಯಲು ತುಂಬ ಹೊತ್ತು ಬೇಕಾಯಿತು.

*

ಮಿಂದು, ಒದ್ದೆ ಪಂಚೆಯಲ್ಲೇ ಅವನು ಶೆಡ್ಡಿಗೆ ಹೋದ. ಸಂಜೆಯ ಬೆಳಕು ಇನ್ನೂ ಇತ್ತು. ಶಾಮರಾಯರ ಬಾಗಿಲು ಗೋಡೆಗೆ ಒರಗಿತ್ತು.

ಮೊನ್ನೆ ಬೆಳಿಗ್ಗೆ ತಾನೇ ಗನ್ನು ಹಿಡಿದು ಹೊಡೆದಿದ್ದ. ಒಳ್ಳೆಯದಾಯಿತು ಎಂದುಕೊಂಡೇ ಊಟಕ್ಕೆ ಎದ್ದಿದ್ದ. ಈಗ ಅಕ್ಕನ ಕಣ್ಣಿನಿಂದ ನೋಡಿದ. ಮೇಲಿನ ಅರ್ಧ ಮಂಕಾಗಿತ್ತು; ಉಸಿರು ತಾಗಿದ ಕನ್ನಡಿಯಂತೆ ಅಲ್ಲಲ್ಲಿ ಬಿಳಿ, ನಡುವೆ ನೀರು ಸಿಡಿದ ಗುಳ್ಳೆಗಳು. ಕೆಳಗಿನ ಅರ್ಧದಲ್ಲಿ ಹಲಸಿನ ಮರದ ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು. ಕೂತ ಹೆಂಗಸಿನ ಭುಜದಷ್ಟು ಎತ್ತರಕ್ಕೆ ಹೊಳಪು ಮುಗಿದಿತ್ತು.

"ಒಳ್ಗ್ ಬನ್ನಿ" ಎಂದು ವನಜ ಮನೆಯ ಬಾಗಿಲಲ್ಲಿ ನಿಂತು ಕರೆದಳು. "ಶಾಮರಾಯ್ರ್ ಹೇಳಿ ಹೋಯಿರ್, ಸೂತಕ ಕಳ್ದ್ ಮೇಲೆ ನಿಧಾನಕೆ ಮುಗ್ಸಿ ಕೊಟ್ರೆ ಸಾಕಂಬ್ರ್."

ಗೋವರ್ಧನ ಶಾಮರಾಯರ ಬಾಗಿಲಿಗೆ ಇನ್ನಷ್ಟು ಹತ್ತಿರ ಹೋದ. ಹೊಳಪು ಮುಗಿದಲ್ಲಿ, ಎಳೆದ ಪಾಲಿಶಿನ ಮೇಲೆ ಒಂದು ಇಡೀ ಅಂಗೈಯ ಅಚ್ಚಿತ್ತು. ಐದೂ ಬೆರಳು ಅಗಲವಾಗಿ, ಭಾರ ಹಾಕಿ. ನಿನ್ನೆ ನೋವು ಬಂದಾಗ ಬಾಗಿಲಿಗೇ ಕೈಯೂರಿ ಎದ್ದಿದ್ದಳು.

ಎರಡು ದಿನದಿಂದ ಮೋಡ ಕವಿದಿದ್ದರಿಂದ ಪಾಲಿಶ್ ಇನ್ನೂ ಪೂರ್ತಿ ಒಣಗಿರಲಿಲ್ಲ. ಮುಟ್ಟಿದರೆ ತನ್ನ ಬೆರಳು ಅದರ ಮೇಲೆ ಮೂಡೀತೆಂದು ಗೋವರ್ಧನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.