ಅಪ್ಪನ ಬಾಯಲ್ಲಿ ನನ್ನ ಸಾಲು

೧

ಎಲ್ಲಿಂದ ಶುರು ಮಾಡಲಿ? ಅಪ್ಪ ತೀರಿಕೊಂಡಲ್ಲಿಂದ ಶುರು ಮಾಡಿದರೆ ಮೊದಲ ಸಾಲಿಗೇ ನೀವು ನನ್ನ ಮೇಲೆ ಕನಿಕರ ಪಡುತ್ತೀರಿ. ನನಗೆ ಅದು ಬೇಡ. (ಬೇಡ ಅನ್ನುವುದು ಸುಳ್ಳು. ಆದರೆ ಪೂರ್ತಿ ಓದಿದ ಮೇಲೆ ನೀವೇ ವಾಪಸ್ ಕೇಳುವಂಥದ್ದನ್ನು ಈಗಲೇ ಇಸಿದುಕೊಳ್ಳುವುದು ನ್ಯಾಯವಲ್ಲ.)

ಅಂಗಡಿಯಿಂದ ಶುರು ಮಾಡಿ ನೋಡಿದೆ. ಮೊದಲ ಕರಡು ಹೀಗಿತ್ತು: ‘ವಾರ್ನಿಷ್ ವಾಸನೆಯ ಆ ಪುಟ್ಟ ಅಂಗಡಿಯಲ್ಲಿ, ತಾಮ್ರದ ತಂತಿಯಂತೆ ಹೊಳೆಯುವ ಕಣ್ಣುಗಳ ಹುಡುಗಿಯೊಬ್ಬಳು...’ ಹರಿದು ಹಾಕಿದೆ. ಅಕ್ಕನ ಕಣ್ಣು ಯಾವತ್ತೂ ತಾಮ್ರದಂತೆ ಹೊಳೆದಿಲ್ಲ. ವಾರ್ನಿಷ್ ಘಾಟಿಗೆ ಸದಾ ಕೆಂಪಗಿರುತ್ತಿದ್ದವು, ಬೆಳಗ್ಗೆ ಏಳುವಾಗ ಪಿಸುರು ಕಟ್ಟಿರುತ್ತಿದ್ದವು. ಹದಿನೇಳು ವರ್ಷ ಟಿವಿ ಸೀರಿಯಲ್ಲಿಗೆ ಸಂಭಾಷಣೆ ಬರೆದ ಕೈ ನನ್ನದು. ಸುಮ್ಮನೆ ಬಿಟ್ಟರೆ ಹೋಲಿಕೆ ಕಾರುತ್ತದೆ.

ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಮಧ್ಯೆ ಎಲ್ಲಾದರೂ ಹಿನ್ನೆಲೆ ಸಂಗೀತ ಕೇಳಿಸಿದರೆ ನನ್ನ ಕಿವಿ ಹಿಂಡಿ.

೨

ಅಪ್ಪ ಮೋಟಾರು ರೀವೈಂಡಿಂಗ್ ಮಾಡುತ್ತಿದ್ದರು. ನೀರಿನ ಪಂಪಿನದೋ ಫ್ಯಾನಿನದೋ ಮೋಟಾರು ಸುಟ್ಟುಹೋದರೆ ಒಳಗಿನ ಕರಕಲು ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿಯನ್ನು ಎಣಿಸಿ ಎಣಿಸಿ ಸುತ್ತಿ, ಮತ್ತೆ ಅದೇ ಸಂದುಗಳಲ್ಲಿ ಕೂರಿಸಿ, ವಾರ್ನಿಷ್ ಸುರಿದು ಒಣಗಿಸುವ ಕೆಲಸ. ಸುತ್ತುವಾಗ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪುತ್ತದೆಂದು ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಗಿರಾಕಿಗಳು ಅವರನ್ನು ‘ಮೂಗ ಮೇಷ್ಟ್ರು’ ಅನ್ನುತ್ತಿದ್ದರು.

ಅಮ್ಮ ಹೋದಾಗ ಅಕ್ಕನಿಗೆ ಹದಿಮೂರು, ನನಗೆ ಎಂಟು. ಶಾಲೆ ಬಿಟ್ಟ ಮೇಲೆ ಇಬ್ಬರೂ ಅಂಗಡಿಯಲ್ಲೇ. ನಾನು ಮೂಲೆಯಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಅಕ್ಕನಿಗೆ ಕೂತಲ್ಲಿ ಕೂರಲಾಗದು. ಅಪ್ಪನ ಮಗ್ಗುಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ ಅಪ್ಪ ಓಡುತ್ತಿದ್ದ ಮೋಟಾರಿನ ಮೇಲೆ ಸ್ಕ್ರೂಡ್ರೈವರಿನ ತುದಿಯಿಟ್ಟು, ಹಿಡಿಯನ್ನು ಅಕ್ಕನ ಕಿವಿಗೆ ಒತ್ತಿದರು.

“ಏನನ್ನುತ್ತೆ?”

“ಕರಕರ ಅನ್ನುತ್ತೆ.”

“ಯಾವ ಕಡೆ?”

“ಆ ಕಡೆ. ಫ್ಯಾನ್ ಇರೋ ಕಡೆ.”

“ಬೇರಿಂಗ್ ಹೋಗಿದೆ. ಬಿಚ್ಚು.”

“ನಾನಾ?”

“ಕೇಳಿಸಿದ್ದು ಯಾರಿಗೆ?”

ಅಷ್ಟೇ ದೀಕ್ಷೆ. ಅಕ್ಕ ಬಿಚ್ಚಿದಳು. ಆಮೇಲೆ ಇಪ್ಪತ್ತೆಂಟು ವರ್ಷ ಬಿಚ್ಚುತ್ತಲೇ ಇದ್ದಳು.

ಅವಳಿಗೆ ಮೂವತ್ತಾಗುವ ಹೊತ್ತಿಗೆ ಅಪ್ಪನ ಕಣ್ಣು ಪೂರ್ತಿ ಹೋಗಿತ್ತು. ತಂತಿ ಎಷ್ಟು ದಪ್ಪ ಅನ್ನುವುದನ್ನು ಬೆರಳಲ್ಲೇ ಉಜ್ಜಿ ಹೇಳುತ್ತಿದ್ದರು, ಉಳಿದದ್ದೆಲ್ಲ ಅಕ್ಕನ ಕೈ. ಮದುವೆಯ ಮಾತು ತಂದವರೂ ಇದ್ದರು. ಅಂಗಡಿ ಬಿಡಬೇಕು ಎಂದವರಿಗೆ ಅಕ್ಕ ಟೀ ಕೊಟ್ಟು ಕಳಿಸಿದಳು. ಅಂಗಡಿಯ ಬೋರ್ಡು ಹೊಸದಾಗಿ ಬರೆಸುವಾಗ ಪೇಂಟರ್ ಕೇಳಿದನಂತೆ, “ಮತ್ತು ಮಗ ಅಂತ ಹಾಕಲಾ ಸಾರ್? ನೋಡೋಕೆ ಚೆನ್ನಾಗಿರುತ್ತೆ.” ಅಪ್ಪ, “ನನಗಿರೋದು ಮಗಳು. ಇರೋದನ್ನ ಬರಿ,” ಎಂದರಂತೆ.

(ಇರುವುದು ಇಬ್ಬರು ಹೆಣ್ಣುಮಕ್ಕಳು. ಬೋರ್ಡಿನಲ್ಲಿ ‘ಮತ್ತು ಮಗಳು’ ಎಂದು ಏಕವಚನ. ಅಂಗಡಿಯಲ್ಲಿ ಕೆಲಸ ಮಾಡುವವಳು ಒಬ್ಬಳೇ, ಸರಿಯಾಗಿಯೇ ಬರೆಸಿದ್ದರು. ನಾನು ಯಾಕೆ ಇದನ್ನು ಹೇಳುತ್ತಿದ್ದೇನೋ ಗೊತ್ತಿಲ್ಲ. ಮುಂದೆ ಹೋಗೋಣ.)

೩

ಚಾನೆಲ್ಲಿನ ಮೀಟಿಂಗಿನಲ್ಲಿ ಹೊಸ ಕಥೆ ಏನಿದೆ ಎಂದು ಕೇಳಿದಾಗ ನನ್ನ ಬಾಯಿಂದ ಅಕ್ಕ ಹೊರಬಿದ್ದಳು. ಕಥಾ ವಿಭಾಗದ ಮುಖ್ಯಸ್ಥೆ, ನಾವೆಲ್ಲ ಬರೀ ‘ಮೇಡಂ’ ಅನ್ನುತ್ತಿದ್ದ ಹೆಂಗಸು, ಮೇಜು ಕುಟ್ಟಿ, “ಫ್ರೆಶ್! ತುಂಬಾ ಫ್ರೆಶ್!” ಎಂದರು.

ಅಕ್ಕನ ಒಪ್ಪಿಗೆ ಕೇಳಿದೆ. “ನನ್ನ ಬಗ್ಗೆ ಬರೆಯೋಕೆ ಏನಿದೆಯೇ?” ಎಂದು ನಕ್ಕಳು. “ಬರ್ಕೋ. ಮೋಟಾರು ಮಾತ್ರ ತಪ್ಪು ತೋರಿಸಬೇಡ.”

ಮೊದಲ ನಲವತ್ತು ಎಪಿಸೋಡು ನಾನು ಬರೆದಂತೆಯೇ ಬಂದವು. ದಿನಾ ಸಂಜೆ ಅಪ್ಪ ಟಿವಿಯ ಕಡೆಗೆ ಕಿವಿಯಿಟ್ಟು ಕೂರುತ್ತಿದ್ದರು. ಜಾಹೀರಾತು ಬಂದಾಗ ಪಕ್ಕದ ಮನೆಯವರಿಗೂ ಕೇಳಿಸುವಂತೆ, “ನಮ್ಮ ಚಿಕ್ಕವಳು ಬರೆದದ್ದು, ದೊಡ್ಡವಳ ಕಥೆ,” ಅನ್ನುತ್ತಿದ್ದರಂತೆ. ನನ್ನ ವಿಷಯ ಅವರು ಹೊರಗಿನವರ ಮುಂದೆ ಹೇಳಿದ್ದು ಅದೇ ಮೊದಲು.

ಆಮೇಲೆ ಮೇಡಂ ತಿದ್ದುವುದು ಶುರುವಾಯಿತು. ಹುಡುಗಿಯ ಕೈಗೆ ಗ್ರೀಸ್ ಜಾಸ್ತಿಯಾಯಿತು, ಕಡಿಮೆ ಮಾಡಿ. ಕಡಿಮೆ ಮಾಡಿದೆ. ಗಂಡುಬೀರಿ ಥರ ಕಾಣುತ್ತಾಳೆ, ಸಾಫ್ಟ್ ಮಾಡಿ. ಮಾಡಿದೆ. ಅವಳು ಒಂದು ದೊಡ್ಡ ಮೋಟಾರು ಸುಟ್ಟುಹಾಕಲಿ, ಹೀರೋ ಬಂದು ಸರಿಮಾಡಲಿ. ಅದನ್ನೂ ಬರೆದೆ. ಅದು ಪ್ರಸಾರವಾದ ವಾರ ಅಕ್ಕ ಫೋನ್ ಮಾಡಿ, “ಅವನು ಹಿಡ್ಕೊಂಡಿದ್ದು ಸೈಕಲ್ ರಿಪೇರಿ ಪಾನಾ ಕಣೇ!” ಎಂದು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ನಗುವಂಥದ್ದು ಅನ್ನಿಸಿತ್ತು ಆಗ.

ಕೊನೆಗೆ ಮೇಡಂ ಹೇಳಿದರು, “ಈಗ ಅಪ್ಪನಿಗೆ ಪಶ್ಚಾತ್ತಾಪ ಆಗಬೇಕು. ಮಗಳಿಗೆ ಗಂಡಸಿನ ಕೆಲಸ ಕಲಿಸಿ ಅವಳ ಸಂಸಾರ ಆಗದ ಹಾಗೆ ಮಾಡಿಬಿಟ್ಟೆ ಅಂತ ಕಣ್ಣೀರು ಹಾಕಬೇಕು. ಇಲ್ಲದಿದ್ದರೆ ಜನ ಒಪ್ಪಲ್ಲ.”

“ಯಾವ ಜನ ಮೇಡಂ?”

“ಮನೇಲಿ ಕೂತು ನೋಡೋ ಹೆಂಗಸರು.”

“ನಾವಿಬ್ಬರೂ ಹೆಂಗಸರೇ ಅಲ್ವಾ?”

“ನಾವು ನೋಡೋರಲ್ಲಮ್ಮ, ಮಾಡೋರು. ನಾಳೆ ಬೆಳಗ್ಗೆ ಶೂಟಿಂಗ್. ಊಟ ಮುಗಿಸಿ ಬರೆದು ಕೊಡು.”

(ಇಲ್ಲಿ ನಾನು ಕುರ್ಚಿ ಹಿಂದಕ್ಕೆ ತಳ್ಳಿ, ಪೆನ್ನು ಮೇಜಿನ ಮೇಲೆ ಎಸೆದು, ಬಾಗಿಲು ಧಡಾರನೆ ಹಾಕಿಕೊಂಡು ಹೊರಟುಹೋದೆ ಎಂದು ಎರಡನೇ ಕರಡಿನಲ್ಲಿ ಬರೆದಿದ್ದೆ. ಆ ಆಫೀಸಿಗೆ ಗಾಜಿನ ಬಾಗಿಲು. ಧಡಾರನೆ ಹಾಕಲು ಬರುವುದಿಲ್ಲ, ತನ್ನಷ್ಟಕ್ಕೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ನಾನು ಊಟ ಮಾಡಿದೆ. ಬರೆದೆ.)

ಅರ್ಧ ಗಂಟೆಯಲ್ಲಿ ಬರೆದ ಸಾಲು ಇದು: “ನಿನ್ನ ಕೈಗೆ ಕೆಲಸ ಕೊಟ್ಟು ನಿನ್ನ ಬಾಳನ್ನೇ ಕಿತ್ತುಕೊಂಡೆ ಮಗಳೇ. ನನ್ನನ್ನು ಕ್ಷಮಿಸಿಬಿಡು.” ಬರೆಯುವಾಗ ನನ್ನ ಕಣ್ಣಲ್ಲಿ ನೀರು ಬಂತು. ಆ ಮೊದಲ ನಲವತ್ತು ಎಪಿಸೋಡುಗಳ ಈಚೆಗೆ ಮೇಡಂ ಒಂದಕ್ಷರವೂ ತಿದ್ದದೆ ಒಪ್ಪಿದ ಮಾತು ಅದೊಂದೇ. ಪ್ರೋಮೋ ಮಾಡಿ ವಾರವಿಡೀ ಗಂಟೆಗೊಂದು ಸಲ ಹಾಕಿದರು.

೪

ಇನ್ನು ಮುಂದಿನದನ್ನು ಅಕ್ಕ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಆಗ ಅವಳು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗಿರಾಕಿಗಳು ಅಂಗಡಿಗೆ ಬಂದು ಅವಳ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಮೋಟಾರು ಮಾತ್ರ ತರುತ್ತಿರಲಿಲ್ಲ. “ಮೊನ್ನೆ ಸುಟ್ಟುಹಾಕಿದ್ರಲ್ಲಮ್ಮ ಟಿವಿಯಲ್ಲಿ, ನಮ್ಮದನ್ನೂ ಹಾಗೇ ಮಾಡಿಬಿಟ್ರೆ!” ಎಂದು ತಮಾಷೆ ಮಾಡುತ್ತಿದ್ದರು. ತಮಾಷೆಯೇ. ಆದರೆ ಇಪ್ಪತ್ತು ವರ್ಷದಿಂದ ಬರುತ್ತಿದ್ದ ಲಾಂಡ್ರಿಯವನು ತನ್ನ ಮೂರು ಮೋಟಾರನ್ನೂ ಮುಂದಿನ ಬೀದಿಗೆ ಒಯ್ದ.

ಅಪ್ಪನನ್ನು ಸಮಾಧಾನ ಮಾಡಲು ಜನ ಬರತೊಡಗಿದರು. ಪಕ್ಕದ ಮನೆಯಾಕೆ ಅವರ ಕೈ ಹಿಡಿದುಕೊಂಡು, “ಟಿವಿ ನೋಡಿ ಅತ್ತುಬಿಟ್ಟೆ. ಇಷ್ಟು ವರ್ಷ ಎಷ್ಟು ಸಂಕಟ ನುಂಗಿದ್ದೀರಿ!” ಎಂದರು.

“ನನಗೇನಮ್ಮ ಸಂಕಟ?” ಎಂದು ಅಪ್ಪ ಕೇಳಿದರು. ಆಕೆ ಹೋದ ಮೇಲೆ ಅಕ್ಕನನ್ನು ಕರೆದು ಅದನ್ನೇ ಕೇಳಿದರು. “ಎಲ್ಲ ಕಥೆ ಅಪ್ಪಾ, ಬಿಡು,” ಎಂದಳು ಅಕ್ಕ.

“ಕಥೆ ಸರಿ. ಬರೆದದ್ದು ಚಿಕ್ಕವಳಲ್ವಾ?”

“ಹೂಂ.”

“ಓದಿದವಳು. ಸುಮ್ಮಸುಮ್ಮನೆ ಬರೀತಾಳಾ?”

ಅಪ್ಪ ಅಂಗಡಿಗೆ ಇಳಿಯುವುದನ್ನು ನಿಲ್ಲಿಸಿದರು. ಅಕ್ಕ ತಂತಿಯ ತುಂಡು ತಂದು ಬೆರಳಿಗೆ ಕೊಟ್ಟರೆ, “ನಿನಗೇ ಗೊತ್ತಲ್ಲ,” ಎಂದು ಹಿಂದಕ್ಕೆ ಕೊಡುತ್ತಿದ್ದರು. ಅವರಿಗೆ ಅನ್ನಿಸಿದ್ದು ಇಷ್ಟು, ಈಗ ನನಗೆ ಗೊತ್ತು: ಹೆಣ್ಣುಮಕ್ಕಳಿಬ್ಬರೂ ಇದನ್ನು ಒಳಗೇ ಇಟ್ಟುಕೊಂಡಿದ್ದಾರೆ. ಮುಖಕ್ಕೆ ಹೇಳಲಾರದೆ ಒಬ್ಬಳು ಟಿವಿಯಲ್ಲಿ ಹೇಳಿದ್ದಾಳೆ, ಇನ್ನೊಬ್ಬಳು ಅಲ್ಲ ಅಲ್ಲ ಎಂದು ಮುಚ್ಚುತ್ತಿದ್ದಾಳೆ.

ಆ ಚಳಿಗಾಲದಲ್ಲಿ ಎದೆಯಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಿದರು. ಮೂರನೇ ದಿನ ಮಧ್ಯಾಹ್ನ, ನರ್ಸ್ ಡ್ರಿಪ್ ಬದಲಾಯಿಸಿ ಹೋದ ಮೇಲೆ, ಅಕ್ಕನ ಅಂಗೈಯನ್ನು ಹುಡುಕಿ ಹಿಡಿದುಕೊಂಡರು. ಅಲ್ಲಿರುವ ಜಡ್ಡುಗಳನ್ನು ಒಂದೊಂದಾಗಿ ಮುಟ್ಟಿದರು.

“ನಿನಗೆ ಆ ಕೆಲಸ ಕೊಡಬಾರದಿತ್ತು ಕಂದಾ. ನಿನ್ನ ಬಾಳನ್ನ ಕಿತ್ಕೊಂಡೆ. ಕ್ಷಮಿಸಿಬಿಡು.”

“ಅಪ್ಪಾ, ಅದು ಸೀರಿಯಲ್ ಮಾತು. ನಿನ್ನ ಮಾತಲ್ಲ ಅದು.”

“ನನಗೆ ಹೊಳೀಲಿಲ್ಲ ನೋಡು. ಅವಳಿಗೆ ಹೊಳೀತು.”

“ನನಗೆ ಕೆಲಸ ಇಷ್ಟ ಅಪ್ಪಾ. ನಾನು ಚೆನ್ನಾಗಿದೀನಿ.”

“ಹಾಗೇ ಅನ್ನು,” ಎಂದರು ಅಪ್ಪ, ಮಗುವಿನ ಸುಳ್ಳನ್ನು ಮನ್ನಿಸುವವರ ಹಾಗೆ. ಎರಡು ದಿನಕ್ಕೆ ಹೋದರು.

೫

ಪರ್ಯಾಯ ಅಂತ್ಯ ಕೊಡುವುದು ನನ್ನಂಥವರ ಚಟ.

ಅಂತ್ಯ ಒಂದು: ತಂಗಿ ಆಸ್ಪತ್ರೆಗೆ ಓಡಿ ಬರುತ್ತಾಳೆ. “ಅಪ್ಪಾ, ಅದು ನನ್ನ ತಪ್ಪು, ಕೆಲಸ ಉಳಿಸಿಕೊಳ್ಳೋಕೆ ಬರೆದದ್ದು,” ಎನ್ನುತ್ತಾಳೆ. ಅಪ್ಪ ನಗುತ್ತಾರೆ.

ಅಂತ್ಯ ಎರಡು: ಅಕ್ಕ ತಂಗಿಯನ್ನು ಅಪ್ಪಿಕೊಂಡು, “ಹೋಗಲಿ ಬಿಡೇ,” ಎನ್ನುತ್ತಾಳೆ. ಇಬ್ಬರೂ ಸೇರಿ ಅಂಗಡಿಯ ಬಾಗಿಲು ತೆರೆಯುತ್ತಾರೆ.

ಈ ಹಾಳೆಗಳನ್ನು ಅಕ್ಕನಿಗೆ ಕೊಟ್ಟೆ. ಅವಳು ಈಗ ಫ್ಯಾನ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ತಂತಿ ಸುತ್ತುವುದು ಮೆಷಿನ್ನು, ಇವಳದ್ದು ಬರೀ ನೋಡಿ ಸೀಲ್ ಒತ್ತುವ ಕೆಲಸ. ಅಂಗಡಿಯನ್ನು ಜೆರಾಕ್ಸಿನವರಿಗೆ ಬಿಟ್ಟುಕೊಟ್ಟಳು. “ಕೆಲಸ ಬರುತ್ತೆ ಕಣೇ, ಮನಸ್ಸು ಬರಲ್ಲ,” ಎಂದಿದ್ದಳು. ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಪೂರ್ತಿ ಓದಿದಳು. ಅಂತ್ಯ ಒಂದರ ಮೇಲೆ ಬೆರಳಿಟ್ಟಳು.

“ನೀನು ಆವತ್ತು ಶೂಟಿಂಗಲ್ಲಿದ್ದೆ.”

“ಗೊತ್ತು ಅಕ್ಕಾ. ಇದು ಹೀಗಾಗಬಹುದಿತ್ತು ಅಂತ...”

“ಆಗಲಿಲ್ಲ.” ಎರಡನೆಯದನ್ನು ಓದಿ, “ನಾನು ಯಾವಾಗ ಹೋಗಲಿ ಬಿಡೇ ಅಂದೆ?”

“ಅನ್ನಲಿಲ್ಲ.”

“ಅನ್ನದ್ದನ್ನ ನನ್ನ ಬಾಯಿಗೆ ಹಾಕಬೇಡ. ಅಪ್ಪನಿಗೆ ಹಾಕಿದ್ದು ಸಾಲದಾ?”

ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಬರೆಯಲು ಸುಲಭವಾಗುತ್ತಿತ್ತು.

“ಅಪ್ಪ ನನಗೆ ಮಾಡಿದ ಒಳ್ಳೇದಂದ್ರೆ ಕೆಲಸ ಕಲಿಸಿದ್ದೊಂದೇ,” ಎಂದಳು. “ಅದನ್ನೇ ತಪ್ಪು ಅಂದ್ಕೊಂಡು ಹೋದ್ರು. ಸಾಯೋರು ಸಾಯ್ತಾರೆ. ಆದರೆ ಹಾಗಂದ್ಕೊಂಡು ಸಾಯಬಾರದಿತ್ತು.” ಹಾಳೆಗಳನ್ನು ಹಿಂದಕ್ಕೆ ತಿರುವಿ, “ಒಂದು ಕೇಳ್ಲಾ? ಬರೆಯುವಾಗ ಕಣ್ಣಲ್ಲಿ ನೀರು ಬಂತು ಅಂತ ಬರೆದಿದೀಯಲ್ಲ. ಯಾಕೆ?”

“ಸಾಲು ಚೆನ್ನಾಗಿ ಬಂತು ಅಂತ ಇರಬಹುದು.”

“ಅಲ್ಲ.”

ಅಲ್ಲ. ಪಾತ್ರಗಳು ಹೀಗೆ ನೇರ ಕೇಳಿದರೆ ಲೇಖಕಿಗೆ ಓಡಲು ದಾರಿಯಿರುವುದಿಲ್ಲ. ಆವತ್ತು ಆ ಮಾತು ಬರೆಯುವಾಗ ನನ್ನ ಅಪ್ಪ ಯಾರ ಬಳಿಯೋ ಕ್ಷಮೆ ಕೇಳುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಅವರು ಕ್ಷಮೆ ಕೇಳುತ್ತಿದ್ದದ್ದು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತವಳ ಬಳಿ. ಅವಳನ್ನು ಒಮ್ಮೆಯೂ ಹತ್ತಿರ ಕರೆಯದಿದ್ದುದಕ್ಕೆ. ಜಗತ್ತಿನಲ್ಲಿ ಒಂದು ಕ್ಷಮೆ ಬಾಕಿಯಿತ್ತು, ಅದು ನನ್ನದು. ಅದನ್ನು ಅಕ್ಕನ ಹೆಸರಿಗೆ ಬರೆದುಬಿಟ್ಟೆ. ಮೇಡಂ ಹೇಳದಿದ್ದರೂ ಬರೆಯುತ್ತಿದ್ದೆನೇನೋ.

ಇದನ್ನು ಅಕ್ಕನಿಗೆ ಬಾಯಿಬಿಟ್ಟು ಹೇಳಿದೆ. ಅವಳು ಹಾಳೆಗಳನ್ನು ಜೋಡಿಸಿ ನನ್ನ ಕೈಗಿಟ್ಟಳು. “ಕಲೀಬೇಕು ಅಂತ ಇದ್ದಿದ್ರೆ ಎದ್ದು ಬರಬೇಕಿತ್ತು ಕಣೇ. ನನ್ನನ್ನೂ ಯಾರೂ ಕರೆದಿರಲಿಲ್ಲ,” ಎಂದಳು.

೬

ಇಲ್ಲಿಗೆ ಮುಗಿಸೋಣ ಎಂದಿದ್ದೆ. ಕಳೆದ ವಾರ ಮೇಡಂ ಫೋನ್ ಮಾಡಿದರು. ಸೀರಿಯಲ್ಲನ್ನು ಇನ್ನೊಂದು ಭಾಷೆಯವರು ಕೊಂಡಿದ್ದಾರೆ, ಅಲ್ಲಿನ ಕಲಾವಿದರನ್ನೇ ಹಾಕಿ ಹೊಸದಾಗಿ ತೆಗೆಯುತ್ತಿದ್ದಾರೆ, ಸೋಮವಾರದಿಂದ ಪ್ರಸಾರ, ಶುಭಾಶಯ.

“ಆ ಕ್ಷಮೆ ಕೇಳುವ ಸಾಲನ್ನು ತೆಗೆಸಿ ಮೇಡಂ,” ಎಂದೆ.

“ಅಯ್ಯೋ, ಅವರು ಕೊಂಡಿದ್ದೇ ಆ ಸಾಲು ನೋಡು!”

ಅಪ್ಪನ ವಿಷಯ ಹೇಳಿದೆ. ಎಲ್ಲವನ್ನೂ. ಮೇಡಂ ನಿಜವಾಗಿಯೂ ಅತ್ತರು. ಮೂಗು ಸೀಟಿಕೊಂಡು, “ನೋಡಿದ್ಯಾ, ಎಷ್ಟು ಸತ್ಯ ಇತ್ತು ಆ ಮಾತಲ್ಲಿ,” ಎಂದರು. ಫೋನ್ ಇಟ್ಟೆ.

ಅಕ್ಕನಿಗೆ ಅವಳ ಊಟದ ಬಿಡುವಿನಲ್ಲಿ ಕರೆ ಮಾಡಿ ತಿಳಿಸಿದೆ. ಹಿಂದಿನಿಂದ ಮೆಷಿನ್ನುಗಳ ಸದ್ದು.

“ಅಲ್ಲಿ ಹುಡುಗಿ ಏನು ಕೆಲಸ ಮಾಡ್ತಾಳಂತೆ?”

“ಬಡಗಿ ಮಾಡಿದ್ದಾರೆ. ಅಪ್ಪನ ಜೊತೆ ಮರಗೆಲಸ.”

“ಆ ಕಡೆ ನಿಜವಾಗ್ಲೂ ಅಂಥ ಹುಡುಗಿಯರು ಇರ್ತಾರಲ್ವಾ?”

“ಇರ್ತಾರೆ.”

“ಅವರಿಗೆ ಅಪ್ಪಂದಿರೂ ಇರ್ತಾರೆ.”

ಸೈರನ್ ಆಯಿತು, ಅಕ್ಕ ಕೆಲಸಕ್ಕೆ ಹೋದಳು.

ಅಂತ್ಯ ಬೇಕೆಂದು ಇಲ್ಲಿಯವರೆಗೆ ಬಂದವರಿಗೆ ನನ್ನ ಬಳಿ ಏನೂ ಇಲ್ಲ. ಇದು ಮುಗಿಯುತ್ತಿಲ್ಲ. ಸೋಮವಾರ ಸಂಜೆ ಏಳೂವರೆಗೆ, ನನಗೆ ಒಂದು ಪದವೂ ಅರ್ಥವಾಗದ ಭಾಷೆಯಲ್ಲಿ, ಯಾವುದೋ ಮನೆಯಲ್ಲಿ, ಕೆಲಸ ಮುಗಿಸಿದ ಮಗಳು ಇನ್ನೂ ಕೈ ತೊಳೆಯುತ್ತಿರುವಾಗ, ಅವಳ ಅಪ್ಪ ಟಿವಿ ಹಾಕುತ್ತಾನೆ