ಅಲ್ಮಿ ಅತ್ತೆ ತೊಳೆಸದ ರೀಲು

ಅಲ್ಮೀಡಾ ಕ್ರೋವೆಲ್ ತೆಗೆದ ಫೋಟೋಗಳಲ್ಲಿ ಯಾರಿಗೂ ತಲೆ ಇರುತ್ತಿರಲಿಲ್ಲ. ಮದುಮಗಳಿರಲಿ, ಪಾದ್ರಿಯಿರಲಿ, ತೊಂಬತ್ತು ತುಂಬಿದ ಮುದುಕನಿರಲಿ, ಆಕೆಯ ಕ್ಯಾಮೆರಾದ ಮುಂದೆ ನಿಂತವರೆಲ್ಲ ಕುತ್ತಿಗೆಯಿಂದ ಕೆಳಗಷ್ಟೇ ಅಮರರಾಗುತ್ತಿದ್ದರು. ಆಕೆ ಗುಂಡಿಯನ್ನು ಬೆರಳಿನಿಂದ ಒತ್ತುತ್ತಿರಲಿಲ್ಲ, ಇಡೀ ತೋಳಿನಿಂದ ಒತ್ತುತ್ತಿದ್ದಳು. ಮೀನು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಚೂರಿ ಹಿಡಿದ ತೋಳು ಅದು, ಒತ್ತಿದ ರಭಸಕ್ಕೆ ಕ್ಯಾಮೆರಾ ಮೂಗು ತಗ್ಗಿಸಿ ನೆಲ ನೋಡಿಬಿಡುತ್ತಿತ್ತು. "ಅಲ್ಮಿ ಅತ್ತೆ ಫೋಟೋ ತೆಗೀತಾರೆ ಅಂದ್ರೆ ಗಡ್ಡ ಬೋಳಿಸೋ ಕೆಲಸಾನೇ ಇಲ್ಲ ಕಣ್ರೋ" ಎಂದು ದೋಣಿ ನಿಲ್ಲುವ ದಕ್ಕೆಯ ಹುಡುಗರು ನಗುತ್ತಿದ್ದರು. ಆಕೆಯ ಬಳಿ ಸಿದ್ಧ ಉತ್ತರವೊಂದಿತ್ತು: "ಮುಖ ಗೊತ್ತಿರೋದೇ ಅಲ್ವೇನೋ? ಗೊತ್ತಿಲ್ಲದ್ದು ಕೈಯಲ್ಲಿ ಕಾಲಲ್ಲಿ ಇರ್ತದೆ."

ನಗುತ್ತಿದ್ದವರೇ ಕ್ರಿಸ್‌ಮಸ್ ಹೊತ್ತಿಗೆ ಆಕೆಯ ಬಾಗಿಲಲ್ಲಿ ನಿಂತು ತಮ್ಮ ತಮ್ಮ ಪ್ರತಿ ಕೇಳಿ ಪಡೆಯುತ್ತಿದ್ದರು. ತೇಪೆ ಹಾಕಿದ ಮೊಣಕಾಲು, ಬೆರಳೊಂದು ಕಡಿಮೆಯಿರುವ ಎಡಗೈ, ಹೆಂಡತಿ ಹೆಣೆದ ಕೈಗವಸಿನ ಅಂಚು, ಇವುಗಳಿಂದಲೇ ಇವನು ಇಂಥವನೆಂದು ಊರೆಲ್ಲ ಗುರುತಿಸುತ್ತಿತ್ತು. ನಾನು ಆ ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ರಸಾಯನಶಾಸ್ತ್ರ ಕಲಿಸಿದವನು. ಶಾಲೆಯ ಮೆಟ್ಟಿಲ ಕೆಳಗಿನ ಡಾರ್ಕ್ ರೂಮಿನ ಬೀಗದ ಕೈ ನನ್ನಲ್ಲಿದ್ದುದರಿಂದ ಆಕೆಯ ರೀಲುಗಳನ್ನು ತೊಳೆಯುವ ಭಾಗ್ಯವೂ ನನ್ನದಾಗಿತ್ತು. ಮೊದಮೊದಲು ಕ್ಯಾಮೆರಾ ಹಿಡಿಯುವ ಕ್ರಮ ಹೇಳಿಕೊಡಲು ಹೋಗಿ ಬೈಸಿಕೊಂಡು, ಆಮೇಲೆ ಸುಮ್ಮನಾದೆ.

ಎತ್ತರದ ಹೆಂಗಸು, ಒಣಗಿದ ಮೈ. ನೋವಾ ಸ್ಕೋಶಿಯಾದ ನಮ್ಮ ಡಾರ್ಬಿ ಹಾರ್ಬರಿನಲ್ಲಿ ವರ್ಷದ ಮುನ್ನೂರು ದಿನ ಗಾಳಿ ಬೀಸುವುದರಿಂದ ಆಕೆಗೆ ಮುಂದಕ್ಕೆ ಬಾಗಿ ನಡೆಯುವುದೇ ಅಭ್ಯಾಸವಾಗಿ, ಗಾಳಿಯಿಲ್ಲದ ಚರ್ಚಿನೊಳಗೂ ಹಾಗೆಯೇ ಬಾಗಿ ನಡೆಯುತ್ತಿದ್ದಳು. ಮೈಮೇಲೆ ಗಂಡ ಲಿಯಾಂಡರನ ಭಾನುವಾರದ ಕಪ್ಪು ಕೋಟು. ಅದರ ಎಡಜೇಬು ಕ್ಯಾಮೆರಾದ ಭಾರಕ್ಕೆ ಜೋತು ಬಿದ್ದು ಹೋಗಿತ್ತು. ಆ ಕರಾವಳಿಯ ಹಳಬರು 'ಹೌದು' ಎನ್ನುವುದನ್ನು ಉಸಿರು ಹೊರಬಿಟ್ಟು ಹೇಳುವುದಿಲ್ಲ, ಒಳಗೆಳೆದುಕೊಂಡು ಹೇಳುತ್ತಾರೆ. ಅಲ್ಮೀಡಾಳ ಒಪ್ಪಿಗೆ ಕಿವಿಗಿಂತ ಹೆಚ್ಚಾಗಿ ಕಣ್ಣಿಗೆ ತಿಳಿಯುತ್ತಿತ್ತು; ಒಂದು ಸಣ್ಣ ಉಸಿರು ಒಳಗೆ ಹೋಗುತ್ತಿತ್ತು, ಕೋಟಿನ ಗುಂಡಿಗಳು ಮೇಲೇಳುತ್ತಿದ್ದವು, ಅಷ್ಟೇ.

ನವೆಂಬರಿನ ಕೊನೆಯ ಸೋಮವಾರ ನಮ್ಮಲ್ಲಿ ಬೋನು ಇಳಿಸುವ ದಿನ. ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ಆಳೆತ್ತರಕ್ಕೂ ಮೀರಿ ಪೇರಿಸಿಕೊಂಡ ದೋಣಿಗಳು ಬೆಳಗಿನ ಏಳಕ್ಕೆ ಒಂದರ ಹಿಂದೊಂದು ಹೊರಡುತ್ತವೆ. ವರ್ಷದ ಅನ್ನ ಹುಟ್ಟುವ ದಿನ, ವರ್ಷದಲ್ಲೇ ಅತ್ಯಂತ ಅಪಾಯದ ದಿನ. ಆ ಬೂದು ಬೆಳಕಿನಲ್ಲಿ ದಕ್ಕೆಯ ತುದಿಯಲ್ಲಿ ನಿಂತು ಅಲ್ಮೀಡಾ ಪ್ರತಿ ದೋಣಿಗೂ ಒಂದೊಂದೇ ಚಿತ್ರ ತೆಗೆಯುತ್ತಿದ್ದಳು. ಆಕೆಗೊಂದು ಹಟವಿತ್ತು. ಹೊರಟ ದೋಣಿಗಳಲ್ಲಿ ಕಟ್ಟಕಡೆಯದು ಮರಳಿ ಬಂದು ಹಗ್ಗ ಬಿಗಿಯುವ ತನಕ ಆ ರೀಲನ್ನು ತೊಳೆಯಕೂಡದು. ಹಂದಿಯೆಂಬ ಪ್ರಾಣಿಯ ಹೆಸರನ್ನು ದೋಣಿಯ ಮೇಲೆ ಎತ್ತದ, ಸೂರ್ಯ ಸಾಗುವ ದಿಕ್ಕಿಗೆ ವಿರುದ್ಧವಾಗಿ ದೋಣಿ ತಿರುಗಿಸದ ಜನರ ನಡುವೆ ಇದೂ ಒಂದು ಮೂಢನಂಬಿಕೆಯೆಂದು ನಾನು ಬಹುಕಾಲ ತಿಳಿದಿದ್ದೆ.

ಹಾಗಲ್ಲವೆಂದು ತಿಳಿದದ್ದು ಆಕೆಯ ಅಡುಗೆಮನೆಯಲ್ಲಿ. ಚಹಾದ ಡಬ್ಬಿಗೂ ಅಡುಗೆ ಸೋಡಾದ ಡಬ್ಬಿಗೂ ನಡುವೆ, ಹೆಬ್ಬೆರಳಿನಷ್ಟು ಎತ್ತರದ ಅಲ್ಯೂಮಿನಿಯಂ ಡಬ್ಬಿಯೊಂದು ಕುಳಿತಿರುತ್ತಿತ್ತು. ಹಿಂದಿನ ಕಾಲದಲ್ಲಿ ಕ್ಯಾಮೆರಾದ ರೀಲು ಬರುತ್ತಿದ್ದ ಡಬ್ಬಿ. ಒಮ್ಮೆ ಎತ್ತಿ ನೋಡಲು ಕೈ ಚಾಚಿದೆ. "ಅದೊಂದು ಬೇಡ ಮೇಷ್ಟ್ರೇ" ಎಂದಳು, ಬ್ರೆಡ್ ಕೊಯ್ಯುವುದನ್ನೂ ನಿಲ್ಲಿಸದೆ. ಪಕ್ಕದ ಮನೆಯ ಹೆಟ್ಟಿ ಆಮೇಲೆ ಬೇಲಿಯ ಬಳಿ ಹೇಳಿದಳು. ಸಾವಿರದ ಒಂಬೈನೂರ ಅರವತ್ತೊಂದರ ಬೋನಿನ ದಿನದ ರೀಲು ಅದು. ಆ ವರ್ಷ ಹೋದ ದೋಣಿಗಳಲ್ಲಿ ಒಂದು ಬರಲಿಲ್ಲ. ಬಾರದ್ದು ಲಿಯಾಂಡರನದು.

ಎಂಬತ್ತಮೂರರ ಬೋನಿನ ದಿನ ಕೊಲ್ಲಿಯ ನೀರು ತಟ್ಟೆಯಲ್ಲಿಟ್ಟ ಹಾಗೆ ನಿಶ್ಚಲವಾಗಿತ್ತು. ಹತ್ತೊಂಬತ್ತು ದೋಣಿಗಳು ಹೊರಟವು. ಮಧ್ಯಾಹ್ನ ಮುನ್ಸೂಚನೆಯಿಲ್ಲದೆ ಆಗ್ನೇಯದ ಗಾಳಿ ಎದ್ದಿತು. ಸಂಜೆಯೊಳಗೆ ಹದಿನೆಂಟು ದೋಣಿಗಳು ಬಂದು ಸೇರಿದವು. ಹೆಟ್ಟಿಯ ಮಗ ಡೆಲ್ಬರ್ಟ್ ಮತ್ತು ಅವನ ಇಬ್ಬರು ಜೊತೆಗಾರರಿದ್ದ 'ಮಿಸ್ ರೋವೀನಾ' ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಅದರ ನಾಲ್ಕು ಬೋನು, ಒಂದು ಹಲಗೆ ತೇಲುತ್ತ ಸಿಕ್ಕಿದವು.

ಮಧ್ಯಾಹ್ನ ಒಂದೂವರೆಗೆ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಊರೇ ನೆರೆದಿತ್ತು. ಶೋಧದ ಅಧಿಕಾರಿ ಬೇರೆ ಊರಿನವನು, ಮಾತಿನಲ್ಲಿ ಮೃದು, ನಕ್ಷೆಯ ಮೇಲಿಂದ ಕಣ್ಣೆತ್ತದೆ ಕೇಳಿದ: "ದೋಣಿಯ ಮಾಡಿನ ಮೇಲೆ ತೆಪ್ಪ ಇತ್ತಾ?"

ಚುಕ್ಕಾಣಿ ಕೋಣೆಯ ಮಾಡಿನ ಮೇಲೆ ಬಿಳಿ ಪೀಪಾಯಿಯಲ್ಲಿ ಮಡಚಿಡುವ ರಕ್ಷಣೆಯ ತೆಪ್ಪ, ದೋಣಿ ಮುಳುಗಿದರೆ ತಾನೇ ಬಿಚ್ಚಿಕೊಂಡು ತೇಲುವಂಥದ್ದು. ಡೆಲ್ಬರ್ಟನ ಹೆಂಡತಿ ರೋವೀನಾಳಿಗೂ ಖಚಿತವಿರಲಿಲ್ಲ. ತೆಪ್ಪವನ್ನು ತಪಾಸಣೆಗೆ ಕೊಟ್ಟಿದ್ದರು. ಶನಿವಾರ ತರುತ್ತೇನೆಂದಿದ್ದ ಗಂಡ. ತಂದನೋ ಇಲ್ಲವೋ, ಆಕೆ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದಳು. ತಪಾಸಣೆಯವನು ಜಿಂಕೆ ಬೇಟೆಗೆಂದು ಕಾಡು ಸೇರಿದ್ದ. ದಕ್ಕೆಯಲ್ಲಿದ್ದವರಲ್ಲಿ ಮೂವರು ಇತ್ತೆಂದರು, ಇಬ್ಬರು ಇರಲಿಲ್ಲವೆಂದರು.

"ಮುಚ್ಚುಮರೆ ಮಾಡಲ್ಲ" ಎಂದ ಅಧಿಕಾರಿ. "ಈ ನೀರಲ್ಲಿ ತೆಪ್ಪ ಇಲ್ಲದೆ ಒಂದೆರಡು ಗಂಟೆ. ಅದು ನಿನ್ನೆಗೇ ಮುಗೀತು. ತೆಪ್ಪ ಇದ್ರೆ ಮೂರು ದಿನ ಬದುಕಬಹುದು, ಆಗ ದೂರದ ಸಮುದ್ರಕ್ಕೆ ವಿಮಾನ ಕಳಿಸ್ಬೇಕು. ನಾಲ್ಕು ಗಂಟೆಗೆ ನಾನು ಏನಾದ್ರೂ ಒಂದು ಹೇಳ್ಲೇಬೇಕು."

ರೋವೀನಾ ನಿಧಾನವಾಗಿ ತಿರುಗಿದಳು. "ಅಲ್ಮಿ ಅತ್ತೆ... ನೀವು ಫೋಟೋ ತೆಗೆದ್ರಲ್ಲ."

ನೆರೆದವರ ಕಣ್ಣುಗಳೆಲ್ಲ ಆ ಜೋತುಬಿದ್ದ ಜೇಬಿನ ಮೇಲೆ ನೆಟ್ಟವು. ಅಲ್ಮೀಡಾಳ ಕೈ ಅದರೊಳಗೆ ಹೋಯಿತು, ಹೊರಗೆ ಬರಲಿಲ್ಲ.

"ಬೇಡ" ಎಂದಳು ಹೆಟ್ಟಿ. ಕುಳಿತಲ್ಲಿಂದ ಎದ್ದಳು. "ಮುಟ್ಟಬೇಡ ಅದನ್ನ. ಎಲ್ಲಾ ಬರೋ ತನಕ ತೊಳೆಯಲ್ಲ ಅಂದೋಳು ನೀನೇ ಅಲ್ವಾ? ಈಗ ತೊಳೆದ್ರೆ ನನ್ನ ಮಗ ಬರಲ್ಲ ಅಂತ ನೀನೇ ಹೇಳ್ದ ಹಾಗೆ."

"ಅತ್ತೆ, ಸುಮ್ನಿರಿ" ಎಂದಳು ಸೊಸೆ.

"ನೀನು ಸುಮ್ನಿರು. ಗೊತ್ತಿಲ್ಲ ಅಂದ್ರೆ ಕತ್ತಲಾಗೋ ತನಕನಾದ್ರೂ ಹುಡುಕ್ತಾರೆ. ಇಲ್ಲ ಅಂತ ಗೊತ್ತಾದ್ರೆ ಮನೆಗೆ ಹೋಗ್ತಾರೆ. ಇವಳು ತೆಗೆದ ಫೋಟೋದಲ್ಲಿ ಯಾವತ್ತಾದ್ರೂ ಮೇಲ್ಗಡೆ ಇದ್ದದ್ದು ಕಂಡಿದೆಯೇನೇ? ನನ್ನ ಮಗನ ಜೀವಾನ ಇವಳ ಕೈಗೆ ಕೊಡ್ತೀಯಾ?"

ಯಾರೂ ನಗಲಿಲ್ಲ. ಇಪ್ಪತ್ತು ವರ್ಷ ಊರು ಆಡಿಕೊಂಡ ತಮಾಷೆ ಅಂದು ಆ ಸಭಾಂಗಣದ ನಡುವೆ ಬಂದು ನಿಂತಿತ್ತು. ನಾನು ಅಲ್ಮೀಡಾಳ ಮುಖ ನೋಡಿದೆ. ಆಕೆ ಹೆದರಿದ್ದನ್ನು ಅದಕ್ಕೂ ಮುಂಚೆ ನಾನು ಕಂಡಿರಲಿಲ್ಲ. ಹೆಟ್ಟಿಯ ಮಾತಿಗಲ್ಲ ಆ ಹೆದರಿಕೆ. ಇಪ್ಪತ್ತೆರಡು ವರ್ಷದಿಂದ ಅಡುಗೆಮನೆಯ ಹಲಗೆಯ ಮೇಲಿದ್ದ ಆ ಡಬ್ಬಿ ತೊಳೆಸದಿರುವ ಹಟವೊಂದರಿಂದಲೇ ಗಂಡನನ್ನು ಎಲ್ಲೋ ಒಂದು ಕಡೆ ತೇಲಿಸಿಟ್ಟಿತ್ತಲ್ಲ, ಇಂದು ನಿಯಮ ಮುರಿದರೆ ಅವನೂ ಮುಳುಗುತ್ತಿದ್ದ. ಗೋಡೆಯ ಗಡಿಯಾರ ಎರಡಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಆಕೆ ಕೋಟು ಬಿಚ್ಚಿದಳು. ಅದಿಲ್ಲದೆ ಆಕೆಯನ್ನು ಹೊರಗೆ ಕಂಡವರಿರಲಿಲ್ಲ. ಕ್ಯಾಮೆರಾ ತೆಗೆದುಕೊಂಡು, ಕೋಟನ್ನು ನಡುಗುತ್ತಿದ್ದ ಹೆಟ್ಟಿಯ ಹೆಗಲಿಗೆ ಹೊದಿಸಿ, "ಪಾಪ ನನಗೇ ಬರ್ಲಿ ಹೆಟ್ಟಿ" ಎಂದಳು. "ಮೇಷ್ಟ್ರೇ, ನಡೀರಿ."

ಶಾಲೆಗೆ ನಡೆಯುವಾಗ ಒಂದೇ ಮಾತಾಡಿದಳು, ಅದೂ ಸಿಟ್ಟಿನಿಂದ: "ಇಷ್ಟು ವರ್ಷ ನಕ್ಕರಲ್ಲ ಎಲ್ರೂ, ಒಬ್ಬರಾದ್ರೂ ನನ್ನ ಕೈ ಹಿಡಿದು ಮೇಲಕ್ಕೆ ಎತ್ತಬಾರದಿತ್ತಾ?" ನಾನು ಹಿಡಿಯಲು ಹೋಗಿದ್ದನ್ನು ನೆನಪಿಸುವ ಧೈರ್ಯ ನನಗಿರಲಿಲ್ಲ.

ಡಾರ್ಕ್ ರೂಮಿನ ಕಗ್ಗತ್ತಲಲ್ಲಿ ರೀಲನ್ನು ಸುರುಳಿಗೆ ಸುತ್ತುವಾಗ ನನ್ನ ಬೆರಳು ಎರಡು ಸಲ ತಪ್ಪಿತು. ಸಾವಿರ ಸಲ ಮಾಡಿದ ಕೆಲಸ. ದ್ರಾವಣದಲ್ಲಿ ಹತ್ತು ನಿಮಿಷ. ಅಷ್ಟೂ ಹೊತ್ತು ಆಕೆ ಪಕ್ಕದಲ್ಲಿ ನಿಂತು ಹೊರಟ ದೋಣಿಗಳ ಹೆಸರನ್ನು ಹೊರಟ ಕ್ರಮದಲ್ಲೇ ಮೆಲ್ಲಗೆ ಹೇಳುತ್ತಿದ್ದಳು, ಒಂಬತ್ತನೆಯದಾದ 'ಮಿಸ್ ರೋವೀನಾ'ಕ್ಕೆ ಬಂದಾಗ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು. ನಮ್ಮ ಹಿಂದೆಯೇ ಬಂದಿದ್ದ ರೋವೀನಾಳ ಹೆಜ್ಜೆ ಬಾಗಿಲ ಆಚೆ ಹೋಗುತ್ತ ಬರುತ್ತ ಇತ್ತು.

ದೀಪ ಹಾಕಿ, ತೊಟ್ಟಿಕ್ಕುವ ಫಿಲ್ಮನ್ನು ಬೆಳಕಿಗೆ ಹಿಡಿದೆ. ಒಂಬತ್ತನೆಯ ಚಿತ್ರ ಸ್ಪಷ್ಟವಾಗಿತ್ತು: ಪೇರಿಸಿದ ಬೋನು, ಹಗ್ಗ ಸುತ್ತುತ್ತಿದ್ದ ಯಾರದೋ ಕೈ, ಚುಕ್ಕಾಣಿ ಕೋಣೆಯ ಕಿಟಕಿ. ಕಿಟಕಿಯ ಮೇಲಂಚಿಗೆ ಸರಿಯಾಗಿ ಚಿತ್ರ ಮುಗಿದಿತ್ತು. ಮಾಡು ಇರಲಿಲ್ಲ. ಅಲ್ಮೀಡಾ ತಲೆಯನ್ನು ಕಡಿದುಬಿಟ್ಟಿದ್ದಳು.

ಹೆಟ್ಟಿಯ ಮಾತೇ ನಿಜವಾಯಿತಲ್ಲ ಎಂದುಕೊಂಡೆ. ಆಕೆ ಮಾತ್ರ ಫಿಲ್ಮಿನಿಂದ ಕಣ್ಣು ಕಿತ್ತಿರಲಿಲ್ಲ.

"ಮೇಲೆ ಯಾಕೆ ನೋಡ್ತೀರಿ ಮೇಷ್ಟ್ರೇ" ಎಂದಳು. "ನಂದು ಯಾವತ್ತೂ ಕೆಳಗೇ ಅಲ್ವಾ? ಕೆಳಗೆ ನೋಡಿ."

ಕೆಳಗೆ, ಚಿತ್ರದ ಅರ್ಧದಷ್ಟನ್ನು, ನೀರು ತುಂಬಿತ್ತು. ಕೈ ನೆಟ್ಟಗಿದ್ದ ಯಾವ ಛಾಯಾಗ್ರಾಹಕನೂ ವ್ಯರ್ಥವೆಂದು ಬಿಡುತ್ತಿದ್ದ ನೀರು. ಆ ನಿಶ್ಚಲ ನೀರಿನಲ್ಲಿ 'ಮಿಸ್ ರೋವೀನಾ' ತಲೆಕೆಳಗಾಗಿ ಇಡಿಯಾಗಿ ನಿಂತಿತ್ತು, ಕಿಟಕಿ, ಕಿಟಕಿಯಾಚೆ ಮಾಡು, ಮಾಡಿನಾಚೆ ಜೀರಿಗೆ ಕಾಳಿನಷ್ಟು ಒಂದು ಕಪ್ಪು ಗುರುತು. ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪಾಗಿ ಕಾಣುತ್ತದೆ. ಫಿಲ್ಮನ್ನು ಆಕೆಯ ಕೈಗೆ ಕೊಟ್ಟು ನಾನು ಚಿತ್ರ ದೊಡ್ಡದು ಮಾಡುವ ಯಂತ್ರದತ್ತ ತಿರುಗಿದೆ.

ಆ ಭಾಗವನ್ನಷ್ಟೇ ದೊಡ್ಡದು ಮಾಡಿ ಕಾಗದಕ್ಕಿಳಿಸಿ, ಒಣಗಿಸುವಷ್ಟೂ ವ್ಯವಧಾನವಿಲ್ಲದೆ ತಟ್ಟೆಯ ಸಮೇತ ಸಭಾಂಗಣಕ್ಕೆ ಹೊತ್ತೊಯ್ದೆವು. ಅಧಿಕಾರಿ ತಟ್ಟೆಯನ್ನು ತಿರುಗಿಸಿಟ್ಟು, ಭೂತಗನ್ನಡಿ ಹಿಡಿದು ನೋಡಿದ. ಬಿಳಿಯ ಪೀಪಾಯಿ. "ಇದೆ" ಎಂದ. ಮೂರೂ ಕಾಲು ಗಂಟೆಗೆ ವಿಮಾನಗಳಿಗೆ ಹೊಸ ದಿಕ್ಕು ಹೋಯಿತು. ಬುಧವಾರ ಮಧ್ಯಾಹ್ನ ನಲವತ್ತು ಮೈಲಿ ಆಚೆ ತೆಪ್ಪ ಸಿಕ್ಕಿತು. ಮೂವರೂ ಬದುಕಿದ್ದರು, ಡೆಲ್ಬರ್ಟನ ಎಡಗಾಲಿನ ಎರಡು ಬೆರಳು ಕೊರೆವ ಚಳಿಗೆ ಸತ್ತುಹೋದವು. ಹೆಟ್ಟಿ ಕ್ಷಮೆ ಕೇಳಲಿಲ್ಲ, ಕೇಳುವ ಜಾತಿಯವಳಲ್ಲ. ಕೋಟನ್ನು ಒಗೆದು ಇಸ್ತ್ರಿ ಮಾಡಿ ಹಿಂದಿರುಗಿಸಿದಳು. ಅಂದಿನಿಂದ ಪ್ರತಿ ಶನಿವಾರ ಕಾಕಂಬಿ ಹಾಕಿದ ಕಂದು ಬ್ರೆಡ್ಡು ಅಲ್ಮೀಡಾಳ ಹೊಸ್ತಿಲ ಮೇಲಿರುತ್ತಿತ್ತು.

ಊರು ಹಿಗ್ಗಿತು. ಅಲ್ಮೀಡಾ ಹಿಗ್ಗಲಿಲ್ಲ. ಆ ಚಳಿಗಾಲವಿಡೀ ಆಕೆ ಕ್ಯಾಮೆರಾ ಮುಟ್ಟಿದ್ದನ್ನು ನಾನು ಕಾಣಲಿಲ್ಲ. ಏಪ್ರಿಲಿನ ಒಂದು ಮಧ್ಯಾಹ್ನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಪ್ರಯೋಗಶಾಲೆಯ ಮೇಜಿನ ಮೇಲೆ ಆ ಅಲ್ಯೂಮಿನಿಯಂ ಡಬ್ಬಿಯನ್ನು ತಂದಿಟ್ಟಳು.

"ತೊಳೆದ್ರೂ ಡೆಲ್ಬರ್ಟ್ ಬಂದ" ಎಂದಳು. "ಹಾಗಂದ್ಮೇಲೆ ತೊಳೆಯದೇ ಇದ್ರೂ..."

ಹಳೆಯ ಫಿಲ್ಮು, ಮಬ್ಬು ಕವಿದಿರುತ್ತದೆ, ಏನೂ ಬಾರದೆಯೂ ಇರಬಹುದು ಎಂದು ಎಚ್ಚರಿಸಿದೆ. ಆದರೂ ಒಂದು ಚಿತ್ರ ಬಂತು, ಲಿಯಾಂಡರನ ದೋಣಿಯದು. ಬೂದು ಮಂಜಿನೊಳಗಿಂದ ಮೊದಲು ಬೂಟುಗಳು, ಆಮೇಲೆ ದೋಣಿಯ ಅಂಚಿನ ಮೇಲೆ ಊರಿದ ಕೈ, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಲು ಮರೆತ ಎದೆ. ಅಲ್ಲಿಗೆ ಕಾಗದ ಮುಗಿಯಿತು. ನೀರಿನಲ್ಲಿ ಮುಖದ ಪ್ರತಿಬಿಂಬಕ್ಕಾಗಿ ಹುಡುಕಿದೆ, ಅಂದು ಅಲೆಗಳಿದ್ದವು.

ಅಲ್ಮೀಡಾ ಕಾಗದದ ಮೇಲೆ ಬಾಗಿದಳು. "ಮುಖ..." ಎಂದು ತೊಡಗಿದಳು. ಆ ವಾಕ್ಯದ ಉಳಿದ ಭಾಗವನ್ನು ಹದಿನೈದು ವರ್ಷದಿಂದ ಕೇಳುತ್ತ ಬಂದವನು ನಾನು, ಕಾದೆ. ಅದು ಬರಲಿಲ್ಲ. ಒಂದು ಸಣ್ಣ ಉಸಿರು ಒಳಗೆ ಹೋಯಿತು, ಕೋಟಿನ ಗುಂಡಿಗಳು ಮೇಲೆದ್ದು ಇಳಿದವು.

ಆಕೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಕ್ಯಾಮೆರಾವನ್ನು ನನಗೆ ಬಿಟ್ಟುಹೋದಳು. ಬೋನಿನ ದಿನ ದಕ್ಕೆಯ ತುದಿಯಲ್ಲಿ ಈಗ ನಾನು ನಿಲ್ಲುತ್ತೇನೆ. ನನ್ನ ಚಿತ್ರಗಳಲ್ಲಿ ತಲೆಗಳು ಸರಿಯಾಗಿರುತ್ತವೆ, ಅದರಿಂದಲೋ ಏನೋ ಕ್ರಿಸ್‌ಮಸ್ಸಿಗೆ ಯಾರೂ ಕೇಳಲು ಬರುವುದಿಲ್ಲ. ಪ್ರತಿ ಊರಿನಲ್ಲೂ ಅಲ್ಮೀಡಾಳ ಜಾತಿಯವರು ಒಬ್ಬರಿರುತ್ತಾರೆ. ಬೆಳಕು ಗೊತ್ತಿಲ್ಲದವರು, ಚೌಕಟ್ಟು ಗೊತ್ತಿಲ್ಲದವರು, ಅವರು ಕ್ಯಾಮೆರಾ ಎತ್ತಿದರೆ ನಾವು ನಕ್ಕು ಮುಖ ತಿರುಗಿಸುತ್ತೇವೆ. ಕುಶಲರಾದ ನಮಗೆ ಚಿತ್ರದಲ್ಲಿ ಏನಿರಬೇಕೆಂಬುದು ಗೊತ್ತು. ಅವರಿಗೆ ಗೊತ್ತಿರುವುದು ಯಾರೋ ಹೊರಟಿದ್ದಾರೆ, ಒಬ್ಬರಾದರೂ ಅಲ್ಲಿ ನಿಂತು ನೋಡಬೇಕು ಎಂಬುದೊಂದೇ. ಹಾಗೆ ನಿಂತವರ ಕೈಯಲ್ಲಿ ಕ್ಯಾಮೆರಾ ಮೂಗು ತಗ್ಗಿಸಿಯೇ ತಗ್ಗಿಸುತ್ತದೆ.