ಹಗ್ಗದ ಪದ

ದ್ವೀಪದ ತುದಿಯಲ್ಲಿ ರಜೆ ಕಳೆಯಲು ಬರುವವರ ರೆಸಾರ್ಟ್ ಎದ್ದ ಮೇಲೆ ದೋಣಿಗಳು ಒಂದೊಂದಾಗಿ ಮಾರಾಟವಾದವು. ಬಲೆ ಬೀಸುತ್ತಿದ್ದವರು ಕಾಲರಿನ ಅಂಗಿ ತೊಟ್ಟು ಅತಿಥಿಗಳ ಕೋಣೆ ಗುಡಿಸಲು, ತಟ್ಟೆ ಎತ್ತಲು, ಹೂಗಿಡಗಳಿಗೆ ನೀರು ಹಾಕಲು ಹೋದರು. ಉಳಿದದ್ದು ಒಂದೇ ದೋಣಿ. ಅದರ ಒಡತಿಗೆ ದೋಣಿಯಕ್ಕ ಎಂಬ ಹೆಸರೇ ಗಟ್ಟಿಯಾಯಿತು. ಗಂಡ ಹೋದ ಮೇಲೂ ತಂಗಿಯನ್ನು ಜೊತೆಗಿಟ್ಟುಕೊಂಡು ಅವಳು ಕಡಲಿಗಿಳಿಯುವುದನ್ನು ಬಿಟ್ಟಿರಲಿಲ್ಲ.

ಹೋಗುವುದು ಇಬ್ಬರಿಂದಾದೀತು, ದೋಣಿಯನ್ನು ದಡಕ್ಕೆಳೆಯುವುದು ಆಗದು. ಅದಕ್ಕೊಂದು ಪದವಿತ್ತು. ಕಡಲಿಂದ ದೋಣಿ ತಂದವರು ಮೊದಲರ್ಧ ಹಾಡಬೇಕು. ಕಿವಿಗೆ ಬಿದ್ದವರು ಉಳಿದರ್ಧ ಹಾಡಿ, ಕೈಕೆಲಸ ಬಿಟ್ಟು ಬಂದು ಹಗ್ಗ ಹಿಡಿಯಬೇಕು. ಜಗಳವಾಡಿ ಮಾತು ಬಿಟ್ಟವರೂ ಬರುತ್ತಿದ್ದರು. ಪದವನ್ನು ಅರ್ಧಕ್ಕೆ ಬಿಡುವುದೆಂದರೆ ಹೊಸ್ತಿಲಿಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದಂತೆ.

ಈ ವರ್ಷ ಹೊಸ ಮ್ಯಾನೇಜರ್ ಬಂದ. ದೋಣಿಯಕ್ಕನ ಮನೆಗೇ ಬಂದು ಕೂತು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡಿದ. ಕಾಟೇಜುಗಳ ಮುಂದಿನ ಮರಳು ಇನ್ನು ಅತಿಥಿಗಳಿಗೆ ಮಾತ್ರವಂತೆ. ಕೆಲಸದವರು ಹಗ್ಗ ಮುಟ್ಟುವ ಹಾಗಿಲ್ಲವಂತೆ. ಬೇಕಾದರೆ ಆಚೆ ಬಂಡೆಗಳ ಕಡೆ ದೋಣಿ ಹತ್ತಿಸಿಕೊಳ್ಳಬಹುದಂತೆ. ಆ ಬಂಡೆಗಳಿಗೆ ನಾಲ್ಕು ಸಲ ಉಜ್ಜಿದರೆ ದೋಣಿ ಸೌದೆಯಾಗುತ್ತದೆ. ಮಾರಿಬಿಡು ಎನ್ನುವುದನ್ನು ಬಾಯಿಬಿಟ್ಟು ಹೇಳದೆ ಹೇಳಿ ಎದ್ದುಹೋದ.

ಸಂಜೆ ಮೈದುನ ಬಂದ. ಅವನು ಅಲ್ಲಿ ಊಟದ ಜಗಲಿಯಲ್ಲಿ ಬಡಿಸುವವನು. ನೆಲ ನೋಡುತ್ತಲೇ ಅಂದ:

"ಹಟ ಬಿಡಿ ಅತ್ತಿಗೆ. ನಮಗೂ ಹೊಟ್ಟೆ ಇದೆ."

"ನೀನು ಬರಬೇಡಪ್ಪಾ, ನಾನೇನೂ ಅಂದ್ಕೊಳಲ್ಲ. ಆದ್ರೆ ಕರೆಯೋದಂತೂ ಕರೆದೇ ಕರೀತೀನಿ."

ಮರುದಿನ ಮಧ್ಯಾಹ್ನ, ನೀರು ಏರುವ ಹೊತ್ತಿಗೆ, ಅಕ್ಕತಂಗಿಯರು ಮೀನು ಹಿಡಿದು ದಡಕ್ಕೆ ಬಂದರು. ದೋಣಿ ಏರುವ ದಾರಿಯುದ್ದಕ್ಕೂ ಮಲಗುವ ಕುರ್ಚಿಗಳು. ಅವುಗಳ ಮೇಲೆ ಎಣ್ಣೆ ಬಳಿದುಕೊಂಡ ಅತಿಥಿಗಳು.

"ನಮ್ಮ ಮೀನಿಗಿಂತ ಚೆನ್ನಾಗಿ ಒಣಗ್ತಿದಾರಲ್ಲೇ ಅಕ್ಕಾ," ಎಂದಳು ತಂಗಿ.

ದೋಣಿಯಕ್ಕ ನಗಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ನಿಂತು ಹಗ್ಗ ಹೆಗಲಿಗೆ ಹಾಕಿಕೊಂಡು, ಕೊರಳೆತ್ತಿದಳು.

"ಏರಿ ಬಾರೇ ನೀರ ಮಗಳೇ..."

ಗಿಡಕ್ಕೆ ನೀರು ಹಾಕುತ್ತಿದ್ದವನು ಪೈಪು ಹಿಡಿದು ಕಲ್ಲಿನಂತೆ ನಿಂತ. ಕೋಣೆ ಗುಡಿಸುವವಳು ಬಾಗಿಲ ಮರೆಗೆ ಸರಿದಳು. ಉಳಿದರ್ಧ ಯಾರಿಂದಲೂ ಬರಲಿಲ್ಲ. ದೋಣಿಯಕ್ಕ ಮತ್ತೊಮ್ಮೆ ಕರೆದಳು. ಅಲೆಯೊಂದು ದೋಣಿಯನ್ನು ಹಿಂದಕ್ಕೆ ಜಗ್ಗಿತು, ಹಗ್ಗ ಹೆಗಲನ್ನು ಕೊರೆಯಿತು. ಮೂರನೆಯ ಸಲ ಅವಳ ದನಿ ಒಡೆಯಿತು.

"ಒಣ ಮರಳ ಹಾಸಿಗೆಗೇ!"

ಮೈದುನನ ದನಿ. ಯಾರದೋ ಲೋಟಕ್ಕೆ ಹಣ್ಣಿನ ರಸ ಸುರಿಯುತ್ತಿದ್ದವನ ಬಾಯಿಂದ ತಾನಾಗಿಯೇ ಜಾರಿತ್ತು. ಹಾಲುಹಲ್ಲಿನ ಕಾಲದಿಂದ ಹಾಡಿದ ಬಾಯಿ ಅಪ್ಪಣೆ ಕೇಳಿರಲಿಲ್ಲ. ಅತಿಥಿಗಳು ತಿರುಗಿ ನೋಡಿದರು. ಮ್ಯಾನೇಜರ್ ಅವನನ್ನೇ ದಿಟ್ಟಿಸಿದ. ಹಾಡಿಯಾಗಿತ್ತು, ನುಂಗಿಕೊಳ್ಳುವಂತಿರಲಿಲ್ಲ. ಮೈದುನ ರಸದ ಜಗ್ ಕೆಳಗಿಟ್ಟು, ಬೂಟು ಕಳಚಿ ಮರಳಿಗಿಳಿದ. ಅವನ ಹಿಂದೆ ಪೈಪು ಬಿಸಾಡಿ ತೋಟದವನು, ಪೊರಕೆ ಒರಗಿಸಿ ಕೋಣೆಯವಳು, ಅಡುಗೆಮನೆಯಿಂದ ಒದ್ದೆ ಕೈಯವರು. ಹಗ್ಗಕ್ಕೆ ಕೈಗಳು ಕೂಡಿದವು. ದೋಣಿ ಕದಲಿತು. ಅತಿಥಿಗಳು ತಾವೇ ಎದ್ದು ಕುರ್ಚಿ ಸರಿಸಿ, ಇದೂ ತಮಗಾಗಿಯೇ ಏರ್ಪಡಿಸಿದ್ದೆಂದುಕೊಂಡು ಚಪ್ಪಾಳೆ ತಟ್ಟಿದರು.

ಬೈಯಲೆಂದು ಓಡಿಬಂದ ಮ್ಯಾನೇಜರ್ ಆ ಚಪ್ಪಾಳೆ ಕೇಳಿ ಬಣ್ಣ ಬದಲಿಸಿದ. ದೋಣಿಯ ದಾರಿಯಲ್ಲಿ ಖಾಲಿಯಾಗಿ ಉಳಿದಿದ್ದ ಕೊನೆಯ ಕುರ್ಚಿಯ ಪಕ್ಕ ನಿಂತು, ಮರಳು ಬಿಟ್ಟುಕೊಡುತ್ತೇನೆ, ಕೆಲಸದವರನ್ನೂ ಕಳಿಸುತ್ತೇನೆ, ದಿನಾ ಸಂಜೆ ಐದಕ್ಕೆ ಅತಿಥಿಗಳ ಮುಂದೆ ಹೀಗೆಯೇ ಹಾಡಿ ಎಳೆದರೆ ಸಾಕು ಎಂದ.

ಒಂದು ಹೂಂ ಅಂದರೆ ದೋಣಿ ಉಳಿಯುತ್ತಿತ್ತು. ಎಲ್ಲರೂ ಹಗ್ಗ ಹಿಡಿದು ಅವಳನ್ನೇ ನೋಡಿದರು.

"ಇದು ಕೈ ಬೇಕಾದಾಗ ಕರೆಯೋ ಪದ ಸ್ವಾಮಿ," ಎಂದಳು ದೋಣಿಯಕ್ಕ. "ಗಂಟೆ ನೋಡ್ಕೊಂಡು ಕೂಗೋದು ನನ್ನಿಂದಾಗಲ್ಲ. ನಾಳೆ ನೀರು ಏರಿದಾಗ ಬರ್ತೀನಿ, ಇಲ್ಲಿಗೇ. ನೀವೂ ಕೇಳಿಸ್ಕೊಂಡಿದೀರಿ. ಹಗ್ಗ ಹಿಡೀರಿ, ಇಲ್ಲಾ ದಾರಿ ಬಿಡಿ."

ಹಾಗೆಂದು ಮತ್ತೆ ಮೊದಲರ್ಧ ಎತ್ತಿದಳು. ಉಳಿದರ್ಧಕ್ಕೆ ಯಾರೂ ತಡಮಾಡಲಿಲ್ಲ. ದೋಣಿಯ ಮೂತಿ ನೇರ ಮ್ಯಾನೇಜರನ ಮೇಲೆಯೇ ಬರುತ್ತಿತ್ತು. ಅವನು ಆಚೆ ಈಚೆ ನೋಡಿದ. ಕರೆಯೋಣವೆಂದರೆ ಕೆಲಸದವರೆಲ್ಲ ಹಗ್ಗದಲ್ಲಿದ್ದರು. ಕೊನೆಗೆ ಆ ಕುರ್ಚಿಯನ್ನು ತಾನೇ ಎತ್ತಿಕೊಂಡು ಪಕ್ಕಕ್ಕೆ ಸರಿದ.